ಮುರಿಯದೆ ತಿಳಿಯದ ಬಲ

ಉದ್ದ 45 ಮಿಲಿಮೀಟರ್, ಅಗಲ 4, ದಪ್ಪ 3. ಸಿಲಿಕಾನ್ ಕಾರ್ಬೈಡಿನ ಇಷ್ಟು ಚಿಕ್ಕ ಸರಳನ್ನು ಪರೀಕ್ಷೆಗೆ ಅಣಿ ಮಾಡಲು ಪ್ರಯೋಗಾಲಯದವರು ಪಡುವ ಪಾಡು ಮಾತ್ರ ದೊಡ್ಡದು. ವಜ್ರದ ಪುಡಿಯ ಚಕ್ರದಲ್ಲಿ ಉದ್ದುದ್ದಕ್ಕೇ ಉಜ್ಜಬೇಕು. ಅಡ್ಡಡ್ಡ ಉಜ್ಜಿದರೆ ಬೀಳುವ ಗೀರುಗಳಿಂದಲೇ ಮುಂದೆ ಬಿರುಕು ಹೊರಡುತ್ತದೆ. ಅಂಚುಗಳನ್ನು ತುಸು ಮೊಂಡಾಗಿಸಬೇಕು, ಚೂಪಾಗಿ ಬಿಟ್ಟರೆ ಅಲ್ಲೆಲ್ಲೋ ಒಂದು ಚಕ್ಕೆ ಎದ್ದು ಲೆಕ್ಕವೆಲ್ಲ ಕೆಡುತ್ತದೆ. ಆಮೇಲೆ ಕುಲುಮೆಯೊಳಗೆ 40 ಮಿಲಿಮೀಟರ್ ಅಂತರದ ಎರಡು ಉರುಳೆಗಳ ಮೇಲೆ ಅದನ್ನು ಮಲಗಿಸಿ, ಮೇಲಿನಿಂದ 20 ಮಿಲಿಮೀಟರ್ ಅಂತರದ ಇನ್ನೆರಡು ಉರುಳೆಗಳಿಂದ ಒತ್ತುತ್ತಾರೆ. ಉರುಳೆಯೂ ಸೆರಾಮಿಕ್ಕೇ, ಒತ್ತುವ ದಂಡವೂ ಸೆರಾಮಿಕ್ಕೇ. 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕನ್ನು ನಂಬಿ ಕೂರುವಂತಿಲ್ಲ. ಪರದೆಯ ಮೇಲೆ ಗೆರೆಯೊಂದು ನೆಟ್ಟಗೆ ಏರುತ್ತದೆ. ಉಕ್ಕಿನ ಸರಳಾದರೆ ಮುರಿಯುವ ಮುನ್ನ ಬಾಗಿ ಎಚ್ಚರಿಕೆ ಕೊಡುತ್ತಿತ್ತು. ಇಲ್ಲಿ ಅಂಥ ಸೌಜನ್ಯವಿಲ್ಲ. ಏರುತ್ತಿದ್ದ ಗೆರೆ ಒಮ್ಮೆಲೇ ಕುಸಿಯುತ್ತದೆ. ಸರಳು ಎರಡಾಗಿರುತ್ತದೆ, ಕೆಲವೊಮ್ಮೆ ಮೂರು ನಾಲ್ಕು.

ಸಿಕ್ಕಿದ್ದು ಒಂದು ಅಂಕಿ. ಅದೇ ಪುಡಿಯಿಂದ ಮಾಡಿ ಅದೇ ದಿನ ಅದೇ ಗೂಡಿನಲ್ಲಿ ಸುಟ್ಟ ಪಕ್ಕದ ಸರಳು ಬೇರೆಯೇ ಅಂಕಿ ಕೊಡುತ್ತದೆ, ಮೂರನೆಯದು ಮತ್ತೊಂದು. ಯಂತ್ರ ಕೆಟ್ಟಿಲ್ಲ, ಕೈತಪ್ಪೂ ಆಗಿಲ್ಲ. ಪೆಡಸು ವಸ್ತುಗಳ ಸ್ವಭಾವವೇ ಹಾಗೆ. ಹಾಗಾದರೆ ಈ ವಸ್ತುವಿನ ಬಲವೆಂದು ಯಾವ ಅಂಕಿಯನ್ನು ಬರೆದುಕೊಳ್ಳುವುದು? ಅದಕ್ಕಿಂತ ತೊಡಕಿನ ಪ್ರಶ್ನೆ ಇನ್ನೊಂದಿದೆ. ಡಬ್ಬಿಯಲ್ಲಿ ಉಳಿದಿರುವ, ನಾಳೆ ನಿಜವಾಗಿ ಕೆಲಸಕ್ಕೆ ಹೋಗಬೇಕಾದ ಆ ಒಂದು ಸರಳಿನ ಬಲ ಎಷ್ಟು? ತಿಳಿಯಬೇಕಾದರೆ ಮುರಿಯಬೇಕು. ಮುರಿದ ಮೇಲೆ ತಿಳಿದು ಪ್ರಯೋಜನವಿಲ್ಲ.

ಇಂಜಿನಿಯರುಗಳು ಇದನ್ನು ಕಸುಬಿನ ಕಿರಿಕಿರಿ ಎಂದು ಬಗೆದು ಲೆಕ್ಕಾಚಾರಕ್ಕೆ ಇಳಿಯುತ್ತಾರೆ. ಆದರೆ ಬೆಂಕಿಗೆ ಒಡ್ಡಿ ನೋಡಿದಾಗ ತಿಳಿಯುವುದು ಯಾವುದರ ಬಗ್ಗೆ ಎಂಬ ಪ್ರಶ್ನೆ ಕುಲುಮೆಗಿಂತ ಹಳೆಯದು. ಧರ್ಮಶಾಸ್ತ್ರಿಗಳು, ಮೀಮಾಂಸಕರು, ನೈಯಾಯಿಕರು ಇದೇ ಗಂಟಿನ ಒಂದೊಂದು ಎಳೆಯನ್ನು ಹಿಡಿದು ಜಗ್ಗಿದವರು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಆಸ್ತಿ ಪಾಲಿನ ವ್ಯಾಜ್ಯಗಳಿಂದಾಗಿ ಬ್ರಿಟಿಷರ ಕೋರ್ಟುಗಳಲ್ಲೂ ಹೆಸರಾದ ಈ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ದಿವ್ಯಗಳ, ಅಂದರೆ ದೈವವನ್ನೇ ಸಾಕ್ಷಿಗೆ ಕರೆದು ಮಾಡುವ ಪರೀಕ್ಷೆಗಳ, ಪ್ರಕರಣವಿದೆ. ತುಲೆ, ಅಗ್ನಿ, ಜಲ, ವಿಷ, ಕೋಶ ಎಂದು ಯಾಜ್ಞವಲ್ಕ್ಯ ಹೇಳುವ ದಿವ್ಯಗಳು ಐದು. ಅಗ್ನಿದಿವ್ಯದ ಕ್ರಮ ಹೀಗಿದೆ: ಆರೋಪಿಯ ಅಂಗೈಗೆ ಭತ್ತ ಉಜ್ಜಿಸಿ, ಅಲ್ಲಿ ಮೊದಲೇ ಇರುವ ಗಾಯ, ಕಲೆಗಳನ್ನೆಲ್ಲ ಗುರುತು ಮಾಡಬೇಕು. ಮೇಲೆ ಅಶ್ವತ್ಥದ ಏಳು ಎಲೆ ಇಟ್ಟು ನೂಲು ಸುತ್ತಬೇಕು. ನುಣುಪಾದ, 50 ಪಲ ತೂಕದ, ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಹಿಡಿದು ಅವನು ಏಳು ಮಂಡಲಗಳನ್ನು ಮೆಲ್ಲಗೆ ದಾಟಬೇಕು. ಮಂಡಲದ ಅಳತೆ 16 ಅಂಗುಲ, ನಡುವಿನ ಅಂತರವೂ ಅಷ್ಟೇ. ಗುಂಡು ಬಿಟ್ಟ ಮೇಲೆ ಮತ್ತೆ ಭತ್ತ ಉಜ್ಜಬೇಕು. ಸುಟ್ಟಿರದಿದ್ದರೆ ಅವನು ಶುದ್ಧ. ದಾರಿಯಲ್ಲೇ ಗುಂಡು ಜಾರಿ ಬಿದ್ದರೆ, ಅಥವಾ ಸುಟ್ಟಿದೆಯೋ ಇಲ್ಲವೋ ಎಂದು ಸಂಶಯ ಬಂದರೆ, ಮತ್ತೊಮ್ಮೆ ಹೊರಬೇಕು.

ಸೆರಾಮಿಕ್ ಸರಳುಗಳನ್ನು ಬಿಸಿಯಲ್ಲಿ ಬಾಗಿಸಿ ನೋಡುವುದಕ್ಕೆ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಸಿ1211 ಎಂಬ ಮಾನಕವನ್ನು ಪ್ರಕಟಿಸಿದೆ. ಅದನ್ನು ಓದಿದವರಿಗೆ ಯಾಜ್ಞವಲ್ಕ್ಯನ ವಿಧಿ ಪರಕೀಯ ಅನ್ನಿಸಲಾರದು. ಮೇಲ್ಮೈ ನುಣುಪಾಗಿರಬೇಕೆಂಬ ಕಟ್ಟಳೆ, ಅಳತೆಯ ಅಂತರ, ಮೊದಲೇ ಇದ್ದ ಕಲೆಯನ್ನು ಫಲಿತಾಂಶದ ಲೆಕ್ಕಕ್ಕೆ ಸೇರಿಸಬಾರದೆಂಬ ಎಚ್ಚರ, ಪರೀಕ್ಷೆ ಕೆಟ್ಟರೆ ಹೊಸದಾಗಿ ಮಾಡಬೇಕೆಂಬ ನಿಯಮ, ಎಲ್ಲವೂ ಅಲ್ಲಿವೆ. ಮಿತಾಕ್ಷರಕಾರ ಮೂಢನಲ್ಲ. ಪತ್ರ, ಅನುಭೋಗ, ಸಾಕ್ಷಿ ಎಂಬ ಮಾನುಷ ಪ್ರಮಾಣಗಳು ಸಿಗುವಲ್ಲಿ ದಿವ್ಯಕ್ಕೆ ಜಾಗವಿಲ್ಲ ಎಂಬುದು ಶಾಸ್ತ್ರದ ನಿಲುವು. ಬೇರೆ ದಾರಿ ಮುಚ್ಚಿದಾಗ ಮಾತ್ರ ಬೆಂಕಿ. ಇದು ಪುಸ್ತಕದಲ್ಲೇ ಉಳಿದ ಮಾತೂ ಅಲ್ಲ. 12ನೆಯ ಶತಮಾನದ ಕೊನೆಗೆ, ಗೋವೆಯ ಕದಂಬ ಮೂರನೆಯ ಜಯಕೇಶಿಯ ಕಾಲದಲ್ಲಿ, ಹೊಲವೊಂದಕ್ಕಾಗಿ ಎರಡು ದೇವಸ್ಥಾನಗಳ ಆಚಾರ್ಯರ ನಡುವೆ ಎದ್ದ ಜಗಳವನ್ನು ಫಾಲದಿವ್ಯದಿಂದ, ಅಂದರೆ ಕಾಯಿಸಿದ ನೇಗಿಲ ಕುಳವನ್ನು ಹಿಡಿಸಿ ಕೈ ನೋಡುವ ಕ್ರಮದಿಂದ, ತೀರ್ಮಾನಿಸಿದ್ದನ್ನು ಕಿತ್ತೂರಿನ ಶಾಸನ ದಾಖಲಿಸಿದೆ.

ಆದರೂ ಎರಡು ಬೆಂಕಿಗಳ ನಡುವೆ ಒಂದು ಕಂದಕವಿದೆ. ದಿವ್ಯದಲ್ಲಿ ಅಗ್ನಿ ಸಾಕ್ಷಿ. ಎಲ್ಲ ಜೀವಿಗಳ ಒಳಗೂ ಸುಳಿದಾಡಿ ಪುಣ್ಯಪಾಪಗಳನ್ನು ಬಲ್ಲವನೆಂದು ಅವನನ್ನು ಮಂತ್ರದಿಂದ ಕರೆಯಲಾಗುತ್ತದೆ. ಅವನು ಹೇಳಬೇಕಾದದ್ದು ಈ ಒಬ್ಬ ಮನುಷ್ಯನ ಬಗ್ಗೆ, ಈ ಒಂದು ಆರೋಪದ ಬಗ್ಗೆ. ಪಕ್ಕದ ಮನೆಯ ಮೂವತ್ತು ಜನರ ಕೈ ಸುಟ್ಟು, ಅದರ ಸರಾಸರಿ ತೆಗೆದು, ಇವನು ನಿರಪರಾಧಿ ಎಂದು ತೀರ್ಪು ಕೊಡುವುದನ್ನು ಯಾವ ಧರ್ಮಶಾಸ್ತ್ರವೂ ಒಪ್ಪದು. ಪ್ರಯೋಗಾಲಯ ಮಾಡುವುದು ಸರಿಯಾಗಿ ಅದನ್ನೇ. ಮೂವತ್ತು ಸರಳು ಮುರಿದು, ಮೂವತ್ತೊಂದನೆಯದರ ಬಗ್ಗೆ ವರದಿ ಬರೆಯುತ್ತದೆ.

ಯೂರೋಪಿನ ದಿವ್ಯಗಳನ್ನು ಹೀಗೆ ಗುಂಪಾಗಿ ಎಣಿಸಲು ಒಂದು ಅಪರೂಪದ ಅವಕಾಶ ಸಿಕ್ಕಿದೆ. ಹಂಗೇರಿಯ ವಾರಾದ್ ಎಂಬ ಊರಿನ ಚರ್ಚು (ಈಗ ಅದು ರೊಮೇನಿಯದ ಒರಾಡಿಯ) 1208ರಿಂದ 1235ರವರೆಗೆ ಕಾದ ಕಬ್ಬಿಣದ ದಿವ್ಯಗಳ ದಫ್ತರು ಇಟ್ಟಿತ್ತು. ಫಲಿತಾಂಶ ಗೊತ್ತಿರುವ 208 ಪ್ರಕರಣಗಳಲ್ಲಿ 130 ಮಂದಿ ಪಾರಾಗಿದ್ದಾರೆ. ಕಾದ ಕಬ್ಬಿಣ ಹಿಡಿದ ಐವರಲ್ಲಿ ಮೂವರ ಕೈ ಸುಡಲಿಲ್ಲ! ಪಾದ್ರಿಗಳು ಕಬ್ಬಿಣವನ್ನು ಬೇಕೆಂದೇ ಅಷ್ಟಾಗಿ ಕಾಯಿಸುತ್ತಿರಲಿಲ್ಲ, ತಪ್ಪು ಮಾಡಿದವರು ಹೇಗೂ ಹೆದರಿ ಮೊದಲೇ ಒಪ್ಪಿಕೊಳ್ಳುತ್ತಿದ್ದರು ಎಂಬ ವಾದವುಂಟು. ಇರಬಹುದು. ಒಂದೊಂದು ತೀರ್ಪೂ ದೇವರ ಮಾತಾಗಿ ಕಂಡಿದ್ದು, ಒಟ್ಟು ಸೇರಿಸಿ ಎಣಿಸಿದೊಡನೆ ಅಂಕಿಅಂಶವಾಗಿ, ಕುಲುಮೆಯ ಉಸ್ತುವಾರಿಯವನ ಮೇಲಿನ ಅನುಮಾನವಾಗಿ ಮಾರ್ಪಡುತ್ತದೆ ಎಂಬುದನ್ನು ಮಾತ್ರ ಗಮನಿಸಬೇಕು. 1215ರಲ್ಲಿ ಪೋಪ್ ಮೂರನೆಯ ಇನೊಸೆಂಟ್ ಕರೆದ ನಾಲ್ಕನೆಯ ಲ್ಯಾಟರನ್ ಸಭೆ ಪಾದ್ರಿಗಳು ದಿವ್ಯಕ್ಕೆ ಆಶೀರ್ವಾದ ಮಾಡಕೂಡದೆಂದು ನಿಷೇಧಿಸಿತು. ದೇವತಾಶಾಸ್ತ್ರಜ್ಞರಿಗೆ ಕಬ್ಬಿಣದ ಬಿಸಿಯ ಚಿಂತೆಯಿರಲಿಲ್ಲ. ಕೇಳಿದಾಗಲೆಲ್ಲ ಪವಾಡ ತೋರಿಸೆಂದರೆ ಅದು ದೇವರನ್ನೇ ಪರೀಕ್ಷೆಗೆ ಒಡ್ಡಿದಂತೆ ಎಂಬುದು ಅವರ ತಕರಾರು. ವಾರಾದಿನವರು ಅದರ ಮೇಲೂ ಇಪ್ಪತ್ತು ವರ್ಷ ದಫ್ತರು ಮುಂದುವರಿಸಿದ್ದು ಬೇರೆ ಮಾತು.

ಪೆಡಸು ವಸ್ತು ಏಕೆ ಹೀಗೆ ಒಂದೊಂದು ಸಲ ಒಂದೊಂದು ಮಾತಾಡುತ್ತದೆ ಎಂಬುದನ್ನು ಮೊದಲು ಬಿಡಿಸಿ ಹೇಳಿದವನು ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎ.ಎ. ಗ್ರಿಫಿತ್. ಅಣುಬಂಧಗಳ ಲೆಕ್ಕದ ಪ್ರಕಾರ ಗಾಜು ತಾಳಬೇಕಾದ ಎಳೆತಕ್ಕೂ ನಿಜವಾಗಿ ತಾಳುವ ಎಳೆತಕ್ಕೂ ಅಜಗಜಾಂತರ. ಗ್ರಿಫಿತ್ ಗಾಜನ್ನು ಕಾಯಿಸಿ ಎಳೆ ಎಳೆದು ತೂಕ ಕಟ್ಟಿ ನೋಡಿದ. ಎಳೆ ತೆಳುವಾದಷ್ಟೂ ಅದರ ಬಲ ಏರುತ್ತ ಹೋಯಿತು. 1921ರಲ್ಲಿ ಪ್ರಕಟವಾದ ಅವನ ಲೇಖನದ ಸಾರ ಇಷ್ಟು: ಗಾಜು ಗಾಜಾಗಿ ಸೋಲುವುದಿಲ್ಲ, ತನ್ನ ಮೈಮೇಲಿನ ಕಣ್ಣಿಗೆ ಕಾಣದ ಬಿರುಕಿನಲ್ಲಿ ಸೋಲುತ್ತದೆ. ಎಳೆ ಸಣ್ಣದಾದರೆ ದೊಡ್ಡ ಬಿರುಕಿಗೆ ಅಲ್ಲಿ ಜಾಗವಿಲ್ಲ.

ಮುರಿದ ಸರಳಿನ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದರೆ ಇದು ಕಣ್ಣಾರೆ ಕಾಣುತ್ತದೆ. ಒಂದು ಅಂಚಿನಲ್ಲಿ ನುಣ್ಣಗೆ ಹೊಳೆಯುವ ಅರ್ಧವೃತ್ತ. ಅದನ್ನು ಕನ್ನಡಿಯೆಂದೇ ಕರೆಯುತ್ತಾರೆ. ಅದರ ಸುತ್ತ ಮಬ್ಬಾದ ಪಟ್ಟಿ, ಅದರಾಚೆ ಹೊರಗೆ ಚಾಚಿದ ಒರಟು ಏಣುಗಳು. ಆ ಏಣುಗಳ ಜಾಡು ಹಿಡಿದು ಹಿಂದಕ್ಕೆ ಬಂದರೆ ಕನ್ನಡಿಯ ನಡುವೆ ಅಪರಾಧಿ ಸಿಗುತ್ತಾನೆ. ಸುಡುವಾಗ ಉಳಿದ ಒಂದು ತೂತೋ, ಅಳತೆ ಮೀರಿ ಬೆಳೆದ ಹರಳೋ, ಉಜ್ಜುವಾಗ ಬಿದ್ದ ಗೀರೋ. ಬಿಸಿ ಕುಲುಮೆಯಲ್ಲಿ ತುಂಡುಗಳನ್ನು ಹೆಚ್ಚು ಹೊತ್ತು ಬಿಟ್ಟರೆ ಗಾಳಿಯ ಆಮ್ಲಜನಕ ಈ ಮುಖದ ಮೇಲೆ ಹೊಸ ಪೊರೆ ಕಟ್ಟಿ ಸಾಕ್ಷ್ಯ ಅಳಿಸಿಬಿಡುತ್ತದೆ. ಅದಕ್ಕೇ ಮುರಿದೊಡನೆ ಬಿಸಿ ತಗ್ಗಿಸುವ ಅವಸರ. ಬಿಡಿ ಸರಳೊಂದರ ಬಗ್ಗೆ ಅಂಕಿಅಂಶದ ಮಾತು ಬಿಟ್ಟು ಖಚಿತವಾಗಿ ಮಾತಾಡಬಹುದಾದ ಗಳಿಗೆ ಇದೊಂದೇ. ಆದರೆ ಅಷ್ಟು ಹೊತ್ತಿಗೆ ಸರಳು ಇಲ್ಲ.

ಗ್ರಿಫಿತ್ ಕಂಡ ಬಿರುಕನ್ನು ಲೆಕ್ಕದ ಪುಸ್ತಕಕ್ಕೆ ಏರಿಸಿದವನು ಸ್ವೀಡನ್ನಿನ ವಲೋಡಿ ವೈಬುಲ್. ಸರಪಳಿಯ ಬಲವೆಂದರೆ ಅದರ ಅತ್ಯಂತ ದುರ್ಬಲ ಕೊಂಡಿಯ ಬಲ ಎಂಬ ಹಳೆಯ ತಿಳಿವಳಿಕೆಯನ್ನು ಅವನು 1939ರಲ್ಲಿ ಗಣಿತವಾಗಿಸಿದ. ಕೊಂಡಿ ಹೆಚ್ಚಿದಷ್ಟೂ ಕೆಟ್ಟ ಕೊಂಡಿಯೊಂದು ಇರುವ ಸಂಭವ ಹೆಚ್ಚು. ಹಾಗಾಗಿ ದೊಡ್ಡ ತುಂಡು ಚಿಕ್ಕ ತುಂಡಿಗಿಂತ ದುರ್ಬಲ. ಕಬ್ಬಿಣದ ತಂತಿಗೆ ಭಾರ ಕಟ್ಟಿ ನೋಡುವ ಪ್ರಯೋಗವನ್ನು ಬರೆದಿಟ್ಟ ಲಿಯೊನಾರ್ಡೊ ಡ ವಿಂಚಿಗೂ ಉದ್ದದ ತಂತಿಯ ಮೇಲೆ ಇದೇ ಅನುಮಾನವಿತ್ತು. ಚದುರಿಕೆ ಎಷ್ಟೆಂದು ಹೇಳುವ ವೈಬುಲ್ ಗುಣಾಂಕ ಒಳ್ಳೆಯ ಸೆರಾಮಿಕ್ಕಿಗೆ 10ರ ಆಸುಪಾಸು. ಆ ಲೆಕ್ಕದಲ್ಲಿ ಗಾತ್ರ ಎರಡು ಪಟ್ಟಾದರೆ ಬಲ ಶೇಕಡಾ 7ರಷ್ಟು ಇಳಿಯುತ್ತದೆ, ಸಾವಿರ ಪಟ್ಟಾದರೆ ಅರ್ಧಕ್ಕೆ ಬರುತ್ತದೆ. 1951ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅವನು ಇದೇ ಸೂತ್ರವನ್ನು ಉಕ್ಕಿಗೆ, ಹಾರುಬೂದಿಗೆ, ಹುರುಳಿಕಾಯಿ ಬೀಜದ ಅಗಲಕ್ಕೆ, ಬ್ರಿಟಿಷ್ ಗಂಡಸರ ಎತ್ತರಕ್ಕೆಲ್ಲ ಹಚ್ಚಿ ತೋರಿಸಿದ. ಆ ಪಟ್ಟಿಯಲ್ಲಿ ಭಾರತದ ಹತ್ತಿಯ ನಾರಿನ ಬಲವೂ ಇತ್ತು.

ಪೆಡಸು ವಸ್ತುವನ್ನು ನೇರವಾಗಿ ಹಿಡಿದು ಎಳೆಯುವುದು ತ್ರಾಸದ ಕೆಲಸ, ಹಿಡಿತದಲ್ಲೇ ಮುರಿಯುತ್ತದೆ. ಇದಕ್ಕೆ ಒಂದು ಸುಲಭ ಉಪಾಯ ಹುಟ್ಟಿದ್ದು ಚರ್ಚೊಂದರ ಕಾರಣಕ್ಕೆ. ರಿಯೊ ಡಿ ಜನೈರೊದಲ್ಲಿ ಹೊಸ ಹೆದ್ದಾರಿಗೆ ಸೇಂಟ್ ಪೀಟರನ ಹಳೆಯ ಚರ್ಚು ಅಡ್ಡವಾಗಿತ್ತು. ಅದನ್ನು ಕಾಂಕ್ರೀಟಿನ ಉರುಳೆಗಳ ಮೇಲೆ ಇಡಿಯಾಗಿ ಆಚೆ ಸರಿಸುವ ಯೋಚನೆ ಹೊರಟಿತು. ಉರುಳೆ ಎಷ್ಟು ತಾಳೀತೆಂದು ಫರ್ನಾಂಡೊ ಲೋಬೊ ಕಾರ್ನೆರೊ ಎಂಬ ಇಂಜಿನಿಯರ್ ಅಡ್ಡಮಲಗಿಸಿ ಒತ್ತಿದಾಗ ಅವು ನಟ್ಟನಡುವೆ ಸೀಳಿಕೊಂಡವು. ಮೇಲಿಂದ ಒತ್ತಿದರೆ ಒಳಗೆ ಅಡ್ಡಕ್ಕೆ ಎಳೆತ ಹುಟ್ಟುತ್ತದೆ ಎಂಬುದನ್ನೇ ಹಿಡಿದು ಅವನು 1943ರಲ್ಲಿ ಹೊಸ ಪರೀಕ್ಷೆಯನ್ನು ಮುಂದಿಟ್ಟ. ಬ್ರೆಜಿಲ್ ಪರೀಕ್ಷೆ ಎಂದೇ ಹೆಸರಾದ ಅದನ್ನು ಇಂದು ಕಲ್ಲಿಗೆ, ಗ್ರಾಫೈಟಿಗೆ, ಸೆರಾಮಿಕ್ ಬಿಲ್ಲೆಗಳಿಗೆ ಬಳಸುತ್ತಾರೆ. ಚರ್ಚು ಉಳಿಯಲಿಲ್ಲ, ಕೆಡವಿದರು.

ಈಗ ಮೀಮಾಂಸಕರ ಎಳೆ. ಮುರಿಯದೆ ಡಬ್ಬಿಯಲ್ಲಿ ಕುಳಿತ ಸರಳಿಗೆ ಬಲವೆಂಬುದು ಇದೆಯೇ? ಪ್ರಾಭಾಕರ ಮೀಮಾಂಸಕರಾದರೆ ಇದೆ ಎನ್ನುತ್ತಿದ್ದರು. ಅವರ ಪ್ರಕಾರ ಶಕ್ತಿ ದ್ರವ್ಯ, ಗುಣಗಳಂತೆಯೇ ಬೇರೆಯಾದ ಒಂದು ಪದಾರ್ಥ. ಅವರು ಕೊಡುವ ಉದಾಹರಣೆಯೂ ಬೆಂಕಿಯದೇ. ಒಂದು ಬಗೆಯ ಮಣಿಯನ್ನು ಹತ್ತಿರ ಇಟ್ಟರೆ ಬೆಂಕಿ ಸುಡುವುದಿಲ್ಲ. ಬೆಂಕಿ ಹಾಗೆಯೇ ಇದೆ, ಬಣ್ಣ, ಬೆಳಕು ಎಲ್ಲವೂ ಇವೆ, ಸುಡುವುದೊಂದಿಲ್ಲ. ಅಂದಮೇಲೆ ಕಣ್ಣಿಗೆ ಕಾಣುವ ಬೆಂಕಿಯಲ್ಲದೆ ಸುಡುವ ಶಕ್ತಿ ಎಂಬ ಇನ್ನೊಂದು ಅದರೊಳಗೆ ಇರಲೇಬೇಕು, ಮಣಿ ತಡೆದದ್ದು ಅದನ್ನು. ನೈಯಾಯಿಕರು ಇದಕ್ಕೆ ಸೊಪ್ಪು ಹಾಕಲಿಲ್ಲ. ಸುಡಲು ಬೇಕಾದ ಕಾರಣಗಳ ಪಟ್ಟಿಗೆ 'ಪ್ರತಿಬಂಧಕ ಇಲ್ಲದಿರುವುದು' ಎಂಬುದನ್ನೂ ಸೇರಿಸಿದರೆ ಸಾಕು, ಕಾಣದ ಶಕ್ತಿಯೊಂದನ್ನು ಏಕೆ ಹೇರಬೇಕು ಎಂಬುದು ಅವರ ಉತ್ತರ. ಮಣಿಯ ತಡೆಯನ್ನೂ ಮೀರಿಸುವ ಉತ್ತೇಜಕ ಮಣಿಯೊಂದಿದ್ದರೆ ಏನು ಗತಿ ಎಂಬಲ್ಲಿಗೂ ಈ ವಾದ ಬೆಳೆಯಿತು. ಉಡುಪಿಯ ಕಡೆಯ ಮಧ್ವಾಚಾರ್ಯರ ದ್ವೈತ ಪರಂಪರೆ ಶಕ್ತಿಯ ಪಕ್ಷ ಹಿಡಿದು, ಹತ್ತು ಪದಾರ್ಥಗಳಲ್ಲಿ ಅದಕ್ಕೂ ಜಾಗ ಕೊಟ್ಟಿತು. ಅವರ ವಿಂಗಡಣೆಯಲ್ಲಿ ವಸ್ತುವಿಗೆ ಹುಟ್ಟಿನಿಂದ ಬಂದ ಸಹಜಶಕ್ತಿ ಒಂದಾದರೆ, ಹೊರಗಿನಿಂದ ತುಂಬಿದ ಆಧೇಯಶಕ್ತಿ ಇನ್ನೊಂದು. ವಿಗ್ರಹಕ್ಕೆ ಪ್ರತಿಷ್ಠೆಯಿಂದ ಬರುವುದು ಆಧೇಯಶಕ್ತಿ. ಕಾರಿನ ಕಿಟಕಿಯ ಟಫನ್ಡ್ ಗಾಜನ್ನು ಕಾಯಿಸಿ ಗಾಳಿ ಊದಿ ತಟ್ಟನೆ ತಣಿಸಿ, ಮೇಲ್ಮೈಯಲ್ಲಿ ಒತ್ತಡ ತುಂಬಿಸಿದಾಗ ಬರುವ ಬಲವನ್ನು ಯಾವ ಪಟ್ಟಿಗೆ ಸೇರಿಸಬೇಕೆಂದು ದ್ವೈತಿಗಳಿಗೆ ಹೆಚ್ಚು ಹೊತ್ತು ಯೋಚಿಸಬೇಕಾಗುತ್ತಿರಲಿಲ್ಲ.

ತತ್ವಜ್ಞಾನಿ ರುಡಾಲ್ಫ್ ಕಾರ್ನಾಪ್ 1936–37ರಲ್ಲಿ ಇದೇ ಪೇಚಿಗೆ ಬೇರೆ ದಾರಿಯಿಂದ ಬಂದು ಸಿಕ್ಕಿಕೊಂಡ. 'ನೀರಿಗೆ ಹಾಕಿದರೆ ಕರಗುತ್ತದೆ' ಎಂದರೆ 'ಕರಗುವ ವಸ್ತು' ಎಂದು ಹೇಳೋಣ. ನಿನ್ನೆ ಪೂರ್ತಿ ಉರಿದು ಹೋದ, ಒಮ್ಮೆಯೂ ನೀರು ಕಾಣದ ಬೆಂಕಿಕಡ್ಡಿಯ ಗತಿ? ಆಧುನಿಕ ತರ್ಕದಲ್ಲಿ 'ಹಾಕಿದರೆ' ಎಂಬ ಮೊದಲ ಭಾಗವೇ ಸುಳ್ಳಾದಾಗ ಇಡೀ ವಾಕ್ಯ ನಿಜವೆಂದೇ ಲೆಕ್ಕ. ಆದ್ದರಿಂದ ಕಟ್ಟಿಗೆಯ ಆ ಕಡ್ಡಿ ಕರಗುವ ವಸ್ತು! ಅದೇ ಜಾಡಿನಲ್ಲಿ, ಯಾರೂ ಭಾರ ಹೇರದ ಸರಳು ಹತ್ತು ಕಿಲೋಗೆ ಮುರಿಯುವಂಥದ್ದೂ ಹೌದು, ಹತ್ತು ಟನ್ನಿಗೆ ಮುರಿಯುವಂಥದ್ದೂ ಹೌದು. ಕಾರ್ನಾಪ್ ಈ ಅಸಂಬದ್ಧದಿಂದ ಪಾರಾಗಲು ವ್ಯಾಖ್ಯೆಯನ್ನು ಸಡಿಲಿಸಿದ: ಪರೀಕ್ಷೆಗೆ ಒಡ್ಡಿದವುಗಳ ಬಗ್ಗೆ ಮಾತ್ರ ಪದಕ್ಕೆ ಅರ್ಥ, ಒಡ್ಡದವುಗಳ ಬಗ್ಗೆ ಅದು ಮೌನ. ತರ್ಕಕ್ಕೆ ಈ ಮೌನ ಶೋಭಿಸೀತು, ಕುಲುಮೆ ಕಟ್ಟುವವನಿಗೆ ಅದರಿಂದ ಹೊಟ್ಟೆ ತುಂಬದು.

ಬಿಸಿ ಏರಿದಂತೆ ಈ ಪೇಚು ಇನ್ನೂ ಬಿಗಿಯಾಗುತ್ತದೆ, ಏಕೆಂದರೆ ಬೆಂಕಿ ಸುಮ್ಮನೆ ನೋಡುತ್ತ ನಿಲ್ಲುವುದಿಲ್ಲ. ಸಿಲಿಕಾನ್ ಕಾರ್ಬೈಡನ್ನು ಗಾಳಿಯಲ್ಲಿ ಕಾಯಿಸಿದರೆ ಮೇಲ್ಮೈಯಲ್ಲಿ ಸಿಲಿಕಾ ಹುಟ್ಟಿ ಸಣ್ಣ ಬಿರುಕುಗಳನ್ನು ತುಂಬುತ್ತದೆ. ಪರೀಕ್ಷೆಗಾಗಿ ಕಾಯಿಸಿದ್ದೇ ಅದಕ್ಕೆ ಚಿಕಿತ್ಸೆಯಾಗಿ, ಕಾಯಿಸುವ ಮೊದಲಿಗಿಂತ ಗಟ್ಟಿಯಾಗಬಹುದು. ಸಿಲಿಕಾನ್ ನೈಟ್ರೈಡಿನ ಕಥೆ ತಿರುವುಮುರುವು. ಅದನ್ನು ಸುಡುವಾಗ ಬೆರೆಸಿದ ಆಕ್ಸೈಡುಗಳು ಹರಳುಗಳ ಸಂದಿಯಲ್ಲಿ ಗಾಜಾಗಿ ಉಳಿದಿರುತ್ತವೆ. ಸಾವಿರ ಡಿಗ್ರಿ ದಾಟಿದ ಮೇಲೆ ಆ ಗಾಜು ಮೆತ್ತಗಾಗುತ್ತದೆ. ಆಗ ಸರಳನ್ನು ಬೇಗ ಒತ್ತಿದರೆ ಒಂದು ಬಲ, ನಿಧಾನ ಒತ್ತಿದರೆ ಇನ್ನೊಂದು. ಯಾವ ವೇಗದಲ್ಲಿ ಒತ್ತಿದೆವೆಂದು ಹೇಳದೆ ಅಂಕಿ ಕೊಟ್ಟರೆ ಅದು ಅರ್ಧ ಸತ್ಯವೂ ಅಲ್ಲ. ಗ್ರಾಫೈಟ್ ಇವೆರಡಕ್ಕಿಂತ ವಿಚಿತ್ರ. ಗಾಳಿ ಸೋಕದಂತೆ ಆರ್ಗಾನ್ ತುಂಬಿದ ಕುಲುಮೆಯಲ್ಲಿ ಸುಮಾರು 2500 ಡಿಗ್ರಿಯವರೆಗೂ ಬಿಸಿ ಏರಿದಷ್ಟೂ ಅದರ ಬಲ ಏರುತ್ತದೆ. ತಯಾರಾಗಿ ತಣಿಯುವಾಗ ಅದರೊಳಗೆ ಬಿಟ್ಟುಕೊಂಡಿದ್ದ ನವಿರಾದ ಸೀಳುಗಳು, ಹರಳು ಹಿಗ್ಗಿದಾಗ ಮುಚ್ಚಿಕೊಳ್ಳುವುದು ಇದಕ್ಕೆ ಕಾರಣ. ಗಾಳಿ ಬಿಟ್ಟರೆ ಅದೇ ಗ್ರಾಫೈಟ್ ಉರಿದು ಹೋಗುತ್ತದೆ.

ಹೀಗಾದಾಗ ನೈಯಾಯಿಕನ ಕೈ ಮೇಲಾದಂತೆ ಕಾಣುತ್ತದೆ. ಒಳಗೆ ಕುಳಿತ ಶಕ್ತಿ ಎಂಬುದಿಲ್ಲ. ಬಿಸಿ, ಗಾಳಿ, ವೇಗ, ಗಾತ್ರ, ಬಿರುಕು ಇವುಗಳ ಒಟ್ಟು ಸಾಮಗ್ರಿ ಇದೆ, ಅಷ್ಟೇ. ಪ್ರಯೋಗಾಲಯದ ವರದಿಗಳೂ ಹಾಗೆಯೇ ಇರುತ್ತವೆ: ಅಂಕಿ ಒಂದು ಸಾಲು, ಅದನ್ನು ಪಡೆದ ಸಂದರ್ಭದ ವಿವರ ಒಂದು ಪುಟ. ಆದರೆ ಅದೇ ವರದಿ ಬರೆದವರು ಊಟದ ಮೇಜಿನಲ್ಲಿ 'ಇದು ಅದಕ್ಕಿಂತ ಗಟ್ಟಿ ಮಾಲು' ಎಂದು ಮೀಮಾಂಸಕರಂತೆಯೇ ಮಾತಾಡುತ್ತಾರೆ. ಅದನ್ನು ತಪ್ಪೆನ್ನಲಾಗದು. ಪ್ರತಿ ಸರಳಿನೊಳಗೂ ಅತಿ ದೊಡ್ಡ ಬಿರುಕೊಂದು ಈ ಗಳಿಗೆಯಲ್ಲಿ, ಯಾರು ಪರೀಕ್ಷಿಸಲಿ ಬಿಡಲಿ, ಇದ್ದೇ ಇದೆ. ಆ ಅರ್ಥದಲ್ಲಿ ಬಲ ವಸ್ತುವಿನದೇ. ನಮಗೆ ಅದು ಎಲ್ಲಿದೆಯೆಂದು ಕಾಣದು, ತೊಂದರೆ ಅಷ್ಟು.

ಕಾಣದ್ದನ್ನು ಕಾಣದೆಯೇ ಬಿಟ್ಟು, ಬಿಡಿ ವಸ್ತುವಿನಿಂದ ಒಂದು ಭರವಸೆ ಪಡೆಯುವ ಉಪಾಯವೂ ಇದೆ. ಹೈಟೆನ್ಷನ್ ಕಂಬಗಳಿಗೆ ಹೋಗುವ ಪಿಂಗಾಣಿ ಇನ್ಸುಲೇಟರುಗಳನ್ನು ಕಾರ್ಖಾನೆಯಿಂದ ಹೊರಬಿಡುವ ಮುನ್ನ, ಒಂದೊಂದನ್ನೂ ನಿಗದಿತ ಭಾರದ ಒಂದು ಪಾಲಿಗೆ ಎಳೆದು ನೋಡುತ್ತಾರೆ. ಸೋತದ್ದು ಅಲ್ಲೇ ಸೋಲಲಿ, ಗೆದ್ದದ್ದು ಕಂಬ ಏರಲಿ. ಕೊಲಂಬಿಯಾ ಬಾಹ್ಯಾಕಾಶ ನೌಕೆ 1981ರಲ್ಲಿ ಮೊದಲ ಬಾರಿ ಹಾರುವ ಮುನ್ನ ಅದರ ಮೈಗೆ ಅಂಟಿಸಿದ್ದ ಸಿಲಿಕಾ ಬಿಲ್ಲೆಗಳನ್ನೂ ಸಾವಿರಗಟ್ಟಲೆ ಹೀಗೆ ಎಳೆದು ನೋಡಿದ್ದರು. ಇದು ದಿವ್ಯಕ್ಕೆ ಎಲ್ಲಕ್ಕಿಂತ ಹತ್ತಿರದ ಪರೀಕ್ಷೆ, ಒಂದು ವಸ್ತು, ಒಂದು ತೀರ್ಪು. ದಿವ್ಯದ ದೌರ್ಬಲ್ಯವೂ ಇದಕ್ಕೆ ಅಂಟಿಕೊಂಡಿದೆ. ಪಾಸಾದದ್ದು ಆ ಭಾರಕ್ಕೆ, ಆ ದಿನ, ಆ ಬಿಸಿಯಲ್ಲಿ. ತೇವ, ಬಿಸಿ, ಕಾಲ ಸೇರಿ ಬಿರುಕನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದಕ್ಕೆ ತಳ್ಳುತ್ತಿರುತ್ತವೆ, ಪರೀಕ್ಷೆಯ ಎಳೆತವೇ ಒಂದಿಷ್ಟು ತಳ್ಳಿರಲೂಬಹುದು. ವಾಲ್ಮೀಕಿ ರಾಮಾಯಣದ ಸೀತೆ ಲಂಕೆಯಲ್ಲಿ ಬೆಂಕಿ ಹೊಕ್ಕು ಗೆದ್ದು ಬಂದವಳು. ಉತ್ತರಕಾಂಡದಲ್ಲಿ ಊರ ಮಾತು ಮತ್ತೆ ಎದ್ದು, ತುಂಬಿದ ಸಭೆಯಲ್ಲಿ ಇನ್ನೊಮ್ಮೆ ಪ್ರಮಾಣ ಕೇಳುತ್ತಾರೆ. ಮೊದಲ ಪರೀಕ್ಷೆ ಸುಳ್ಳೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಅಯೋಧ್ಯೆ ಅದನ್ನು ಕಣ್ಣಾರೆ ಕಂಡಿರಲಿಲ್ಲ, ನಡುವೆ ಕಾಲ ಸರಿದಿತ್ತು. ಅವಳು ಭೂಮಿಯನ್ನು ಕರೆದು ಒಳಗೆ ಹೋಗುತ್ತಾಳೆ. ಮೂರನೆಯ ಪರೀಕ್ಷೆಗೆ ಅವಕಾಶವೇ ಉಳಿಯದಂತೆ ಮಾಡಿದ ಈ ನಡೆಗಿಂತ ಕಠಿಣವಾದ ಟೀಕೆಯನ್ನು ದಿವ್ಯಗಳ ಮೇಲೆ ಯಾವ ಲ್ಯಾಟರನ್ ಸಭೆಯೂ ಮಾಡಿಲ್ಲ.

ಬದುಕಿ ಉಳಿದದ್ದನ್ನೇ ಬಲದ ಸಾಕ್ಷಿ ಎಂದು ಓದಿಕೊಂಡರೆ ಏನಾಗುತ್ತದೆ ಎಂಬುದನ್ನು ಅದೇ ಕೊಲಂಬಿಯಾ ತೋರಿಸಿತು. ಅದರ ರೆಕ್ಕೆಗಳ ಮುಂಚಾಚು ಇಂಗಾಲದ ನಾರನ್ನು ಇಂಗಾಲದಲ್ಲೇ ಕೂಡಿಸಿ ಮಾಡಿದ ಫಲಕಗಳದು, ಒಂದೊಂದು ರೆಕ್ಕೆಗೆ 22. ವಾಯುಮಂಡಲಕ್ಕೆ ಮರಳುವಾಗ ಅವು 1600 ಡಿಗ್ರಿ ಮೀರಿದ ಬಿಸಿ ತಾಳಬೇಕು. 2003ರ ಜನವರಿ 16ರಂದು, ಹಾರಿ 82 ಸೆಕೆಂಡಾಗುವಷ್ಟರಲ್ಲಿ ಇಂಧನ ಟ್ಯಾಂಕಿನಿಂದ ಮುಕ್ಕಾಲು ಕಿಲೋ ತೂಕದ ನೊರೆಯ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೊರೆ ಕಳಚುವುದು ಹೊಸದೇನಲ್ಲ, ಹಿಂದಿನ ಹಾರಾಟಗಳಲ್ಲೂ ಕಳಚಿತ್ತು, ಬಡಿದಿತ್ತು, ನೌಕೆ ಸುಖವಾಗಿ ಬಂದಿತ್ತು. ಬಂದ ಪ್ರತಿ ನೌಕೆಯೂ ಮುಂದಿನ ನೊರೆಗೆ ಒಂದು ಕ್ಷಮಾಪತ್ರವಾಗಿ, ಅದು ಅಪಾಯದ ಪಟ್ಟಿಯಿಂದ ದುರಸ್ತಿಯ ಪಟ್ಟಿಗೆ ಜಾರಿತ್ತು. ಫೆಬ್ರವರಿ 1ರಂದು ನೌಕೆ ಮರಳುವಾಗ ಬಿಸಿ ಗಾಳಿ ರೆಕ್ಕೆಯೊಳಗೆ ನುಗ್ಗಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು.

ಅದೇ ವರ್ಷದ ಜುಲೈ 7ರಂದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ತನಿಖೆಯವರು ಎಂಟನೆಯ ಫಲಕವೊಂದನ್ನು ಚೌಕಟ್ಟಿಗೆ ಬಿಗಿದು, ಅಷ್ಟೇ ತೂಕದ ನೊರೆಯನ್ನು ಗಾಳಿ ಬಂದೂಕಿನಿಂದ ಗಂಟೆಗೆ ಸುಮಾರು 850 ಕಿಲೋಮೀಟರ್ ವೇಗದಲ್ಲಿ ಹೊಡೆದರು. ಅಡ್ಡಳತೆ 40 ಸೆಂಟಿಮೀಟರಿನ ತೂತು ಬಿತ್ತು. ನೋಡಲು ನೆರೆದವರಲ್ಲಿ ಹಲವರು ದಂಗಾದರು. ಹಾಗೆ ಒಡೆದದ್ದು ಕೊಲಂಬಿಯಾದ ಫಲಕವಲ್ಲ, ಅದು ಚೂರಾಗಿ ಹೋಗಿತ್ತು. ಅಟ್ಲಾಂಟಿಸ್ ನೌಕೆಯೊಂದಿಗೆ ಹಲವು ಬಾರಿ ಹಾರಿ ಬಂದ ಅದರ ಜೋಡಿ ಫಲಕ. ಸತ್ತದ್ದರ ಪರವಾಗಿ ಅದರ ಒಡಹುಟ್ಟು ಸಾಕ್ಷಿ ಹೇಳಿತು, ಮೂವತ್ತು ಸರಳು ಮೂವತ್ತೊಂದನೆಯದರ ಪರವಾಗಿ ಹೇಳುವಂತೆಯೇ.

ಒಡಹುಟ್ಟಿನ ಸಾಕ್ಷ್ಯವನ್ನು ಒಪ್ಪಬಹುದೇ ಎಂಬುದು ಚಾರ್ವಾಕರ ಪ್ರಶ್ನೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಎಂಬ ವ್ಯಾಪ್ತಿಯನ್ನು ಯಾರೂ ಪೂರ್ತಿ ಕಂಡಿಲ್ಲ, ಕಂಡ ಅಡುಗೆಮನೆಗಳಿಂದ ಕಾಣದ ಬೆಟ್ಟಕ್ಕೆ ಜಿಗಿಯುವುದು ಯಾವ ನ್ಯಾಯ ಎಂದು ಅವರು ಕೇಳಿದರೆಂದು 14ನೆಯ ಶತಮಾನದ ಸರ್ವದರ್ಶನ ಸಂಗ್ರಹ ಹೇಳುತ್ತದೆ. ನೈಯಾಯಿಕ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಕೊಟ್ಟ ಉತ್ತರ ಜಾಣತನದ್ದು. ಸಂಶಯಕ್ಕೂ ಒಂದು ಎಲ್ಲೆಯಿದೆ, ಸಂಶಯಪಡುವವನ ನಡತೆಯೇ ಆ ಎಲ್ಲೆ. ಹೊಗೆ ಬೇಕಾದಾಗ ಅವನೂ ಬೆಂಕಿಯನ್ನೇ ಹಚ್ಚುತ್ತಾನಲ್ಲ? ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ಅದೇ ಮಾತನ್ನು ತುಸು ತಿರುಚಿ ಉದಯನನ ಮೇಲೇ ಎಸೆದ: ನಡತೆಗೂ ಸಂಶಯಕ್ಕೂ ವಿರೋಧ ಎಂಬುದು ನಿಲ್ಲಬೇಕಾದರೂ ಮೊದಲು ಸಂಶಯ ಬೇಕು, ಅಂದಮೇಲೆ ಅದು ಸಂಶಯಕ್ಕೆ ಎಲ್ಲೆಯಾಗುವುದು ಹೇಗೆ? ತರ್ಕದಲ್ಲಿ ಶ್ರೀಹರ್ಷನದೇ ಮೇಲುಗೈ. ಮೂವತ್ತು ಸರಳು ಮುರಿದ ಲೆಕ್ಕದಿಂದ, ಲಕ್ಷಕ್ಕೆ ಒಂದು ಮುರಿಯುವ ಭಾರವನ್ನು ಗೆರೆ ಚಾಚಿ ಗುರುತಿಸುವ ಇಂಜಿನಿಯರಿಗೆ ಆ ಗೆರೆಯ ತುದಿಯಲ್ಲಿ ಒಂದು ಸರಳನ್ನೂ ತಾನು ಕಂಡಿಲ್ಲವೆಂದು ಗೊತ್ತು. ಅವನು ಗೆರೆ ಎಳೆಯುವುದು ಉದಯನನನ್ನು ನಂಬಿ, ಯಂತ್ರವನ್ನು ಹೇಗೂ ನಡೆಸಲೇಬೇಕಲ್ಲ ಎಂದು.

ನಾಸಾ ಕೂಡ ಆಮೇಲೆ ನಡೆಸಿತು, ಆದರೆ ಪ್ರಶ್ನೆ ಬದಲಿಸಿ. 2005ರ ಜುಲೈಯಿಂದ 2011ರವರೆಗಿನ 22 ಹಾರಾಟಗಳಲ್ಲಿ ಕಕ್ಷೆ ಸೇರಿದ ಮೇಲೆ ಉದ್ದನೆಯ ತೋಳಿಗೆ ಕ್ಯಾಮೆರಾ, ಲೇಸರ್ ಕಟ್ಟಿ ರೆಕ್ಕೆಯ ಅಂಚನ್ನೆಲ್ಲ ತಡಕಿ ನೋಡುತ್ತಿದ್ದರು. ಫಲಕ ಎಷ್ಟು ಗಟ್ಟಿ ಎಂದಲ್ಲ, ಈ ಫಲಕಕ್ಕೆ ಈ ಸಲ ಗಾಯವಾಗಿದೆಯೇ ಎಂದು. ಗಾಯ ಕಂಡರೆ ಯಾತ್ರಿಗಳು ಬಾಹ್ಯಾಕಾಶ ನಿಲ್ದಾಣದಲ್ಲೇ ಉಳಿಯಬಹುದಿತ್ತು. 2009ರ ಮೇ ತಿಂಗಳಲ್ಲಿ ಹಬಲ್ ದೂರದರ್ಶಕವನ್ನು ರಿಪೇರಿ ಮಾಡಲು ಹೊರಟ ಅಟ್ಲಾಂಟಿಸ್‌ಗೆ ಆ ಅನುಕೂಲವಿರಲಿಲ್ಲ, ನಿಲ್ದಾಣ ಬೇರೆಯೇ ಕಕ್ಷೆಯಲ್ಲಿತ್ತು. ಅದಕ್ಕಾಗಿ ಪಕ್ಕದ ಉಡಾವಣಾ ಕಟ್ಟೆಯಲ್ಲಿ ಎಂಡೆವರ್ ನೌಕೆಯನ್ನು ಹಾರಲು ಅಣಿ ಮಾಡಿ ನಿಲ್ಲಿಸಿದ್ದರು. ಅಟ್ಲಾಂಟಿಸ್‌ಗೆ ಅದರ ನೆರವು ಬೇಕಾಗಲಿಲ್ಲ. ಎಂಡೆವರನ್ನು ಇನ್ನೊಂದು ಕಟ್ಟೆಗೆ ಸಾಗಿಸಿ, ಜುಲೈಯಲ್ಲಿ ನಿಲ್ದಾಣದ ಕೆಲಸಕ್ಕೆ ಕಳಿಸಿದರು.